ಕುದುರೆ ಮೇವಿನಲ್ಲಿ ಮೊಲಗಳ ಪಾಲು

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಪೂರ್ತಿ ಓದುವ ತಾಳ್ಮೆ ಇಲ್ಲದವರಿಗೆ ಅಷ್ಟೇ ಸಾಕು. ದೊಡ್ಡಬಳ್ಳಾಪುರ ರಸ್ತೆಯ ಕುದುರೆ ಮೇವಿನ ಮಂಡಿಯಲ್ಲಿ ನಮ್ಮ ಮೊಲಗಳಿಗೆ ಅಂತ ಒಣಗಿಸಿದ ರೋಡ್ಸ್ ಹುಲ್ಲಿನ ಹತ್ತು ಬೇಲು (ಒತ್ತಿ ದಾರದಲ್ಲಿ ಬಿಗಿದ ಕಟ್ಟು) ಕೊಂಡೆವು. ಒಂದೊಂದು ಹೆಚ್ಚುಕಮ್ಮಿ 15 ಕೆಜಿ. ಕೆಜಿಗೆ 45 ರೂಪಾಯಿಯಂತೆ 6,750. ವಿದ್ಯಾರಣ್ಯಪುರದವರೆಗೆ ಲಗೇಜ್ ಆಟೋ 900, ಹತ್ತಿಸಿ ಇಳಿಸಿದ ಹುಡುಗರಿಗೆ 100. ಒಟ್ಟು 7,750. ಅಡಿಯಲ್ಲಿ ಉದುರುವ ಪುಡಿ, ಎಸೆಯಬೇಕಾದ ದಪ್ಪ ಕಡ್ಡಿ ಅಂತ ನೂರಕ್ಕೆ ಹತ್ತು ಪಾಲು ಕಳೆದರೂ ಮೊಲದ ಮುಂದೆ ಬೀಳುವ ಹುಲ್ಲು ಕೆಜಿಗೆ 57 ರೂಪಾಯಿ ಚಿಲ್ಲರೆಗೆ ಬಂತು. ಇದೇ ಬೆಂಗಳೂರಿನ ಪೆಟ್ ಶಾಪುಗಳಲ್ಲಿ ವಿದೇಶದ ಟಿಮೊಥಿ ಹುಲ್ಲಿಗೆ ನನಗೆ ಹೇಳಿದ ದರ ಕೆಜಿಗೆ 900ರಿಂದ 1,200.

ಇಷ್ಟೂ ನಮ್ಮೊಂದು ಮನೆಗಲ್ಲ. ನಮ್ಮ ಲೇಔಟಿನಲ್ಲಿ ಮೊಲ ಸಾಕಿರುವ ಇನ್ನೂ ಎರಡು ಮನೆಯವರಿದ್ದಾರೆ, ಮೂವರೂ ಸೇರಿ ತರಿಸಿ ಹಂಚಿಕೊಳ್ಳುತ್ತೇವೆ. ನನ್ನ ಮೂರು ಮೊಲಗಳ ಹೆಸರು ಗಸಗಸೆ, ಕಡ್ಲೆ, ದೊಡ್ಡಪ್ಪ. (ಹೆಸರಿಟ್ಟವಳು ಮಗಳು. ನಿಜವಾದ ದೊಡ್ಡಪ್ಪ ಮನೆಗೆ ಬಂದ ದಿನ ಮೂರನೆಯದಕ್ಕೆ ಡುಮ್ಮ ಅಂತ ಹೆಸರು ಬದಲಾಗುತ್ತದೆ.) ಇವು ತಿನ್ನುವುದು, ಮೇಲೆ ಕೂತು ಹಾಳು ಮಾಡುವುದು ಎಲ್ಲ ಸೇರಿ ತಿಂಗಳಿಗೆ ಹನ್ನೆರಡು ಕೆಜಿ ಬೇಕು. ಅಂದರೆ 700 ರೂಪಾಯಿ. ಪೊಟ್ಟಣದ ಟಿಮೊಥಿಯನ್ನೇ ಹಾಕುತ್ತಾ ಕೂತಿದ್ದರೆ ಹತ್ತು ಸಾವಿರ ದಾಟುತ್ತಿತ್ತು. ಅಷ್ಟು ದುಡ್ಡಿಗೆ ನಮ್ಮ ಓನರ್ ಮೇಲಿನ ಸಿಂಗಲ್ ರೂಮನ್ನು ಬಾಡಿಗೆಗೆ ಕೊಡುತ್ತಾರೆ.

ನಾನು ಕೆಲಸ ಮಾಡುವುದು ಆಡಿಟರ್ ಆಫೀಸಿನಲ್ಲಿ. ಕಂಡವರ ಖರ್ಚನ್ನು ದಿನವಿಡೀ ಕೂಡಿ ಕಳೆಯುವವಳು, ಮನೆಯಲ್ಲಿ ಮೊಲದ ಖರ್ಚಿನ ಕಾಲಂ ಕಂಡು ಸುಮ್ಮನಿರುವುದು ಹೇಗೆ? ಆದರೆ ಹುಲ್ಲಿನಲ್ಲಿ ಉಳಿತಾಯ ಅಂದರೆ ಕಡಿಮೆ ಹಾಕುವುದಂತೂ ಆಗುವುದಿಲ್ಲ. ಕ್ಯಾರೆಟ್ಟು ಮೊಲಕ್ಕೆ ಸಿಹಿತಿಂಡಿ ಲೆಕ್ಕ; ಊಟ ಅಂದರೆ ಒಣಗಿಸಿದ ಹುಲ್ಲೇ. ಅದರ ಬಾಯಲ್ಲಿ 28 ಹಲ್ಲು, ಅಷ್ಟೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಮುಂದಿನ ಹಲ್ಲಂತೂ ವರ್ಷಕ್ಕೆ ಹತ್ತು ಸೆಂಟಿಮೀಟರಿಗೂ ಹೆಚ್ಚು. ಒಳಗಿನ ದವಡೆ ಹಲ್ಲು ಸವೆಯಬೇಕಾದರೆ ನಾರಿರುವ ಹುಲ್ಲನ್ನು ಅಡ್ಡಡ್ಡ ಅರೆಯುತ್ತಾ ಗಂಟೆಗಟ್ಟಲೆ ಕೂರಬೇಕು. ಕಾಳು, ಪೆಲೆಟ್ಟು (ಅಂಗಡಿಯ ಗುಳಿಗೆ ಮೇವು) ಎಲ್ಲ ನಾಲ್ಕು ಸಲ ಕಟುಂ ಅಂದರೆ ಮುಗಿಯಿತು, ಅದರಿಂದ ಹಲ್ಲು ಸವೆಯುವುದಿಲ್ಲ. ಇನ್ನು ಹೊಟ್ಟೆ. ನಾರು ಕಡಿಮೆಯಾದರೆ ಕರುಳಿನ ಓಟ ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ, ಮೊಲ ಮೂಲೆ ಹಿಡಿದು ಕೂರುತ್ತದೆ. ಅರ್ಧ ದಿನ ಏನೂ ತಿನ್ನದ ಮೊಲವನ್ನು ಡಾಕ್ಟರ ಹತ್ತಿರ ಒಯ್ಯಲೇಬೇಕು, ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಹಾಗಾಗಿ ಹುಲ್ಲು ಹಗಲೂ ರಾತ್ರಿ ಮುಂದೆ ಇರಬೇಕು, ಅಳತೆ ಮಾಡದೆ. ಇಲ್ಲೇ ಬೆಲೆಯ ಮಾತು ಬರುವುದು. ಕೆಜಿಗೆ ಸಾವಿರ ಕೊಟ್ಟು ತಂದ ಹುಲ್ಲನ್ನು ಯಾರೂ ರಾಶಿ ಸುರಿಯುವುದಿಲ್ಲ. ಎರಡು ಬೆರಳಲ್ಲಿ ಎತ್ತಿ ಇಡುತ್ತಾರೆ, ಬಿದ್ದದ್ದನ್ನು ಆರಿಸಿ ಮತ್ತೆ ತಟ್ಟೆಗೆ ಹಾಕುತ್ತಾರೆ, ಅದರ ಮೇಲೆ ಮೊಲ ಉಚ್ಚೆ ಹೊಯ್ದರೆ ಮುಖ ಸಿಂಡರಿಸುತ್ತಾರೆ. ಸಾಲದ್ದಕ್ಕೆ ಪೆಲೆಟ್ಟಿನ ಬಟ್ಟಲು ದೊಡ್ಡದಾಗುತ್ತದೆ. ನಾನು ಕಂಡ ಎಷ್ಟೋ ಮೊಲದ ಮನೆಗಳಲ್ಲಿ ಹುಲ್ಲಿನ ಗುಣಮಟ್ಟಕ್ಕೆ ಕೊರತೆಯಿಲ್ಲ, ಕೈ ಬಿಗಿ ಅಷ್ಟೇ. ಕೈ ಸಡಿಲ ಬಿಡಬಹುದಾದ ಹುಲ್ಲು ಯಾವುದೋ ಅದು ಮೊಲಕ್ಕೆ ಒಳ್ಳೆಯ ಹುಲ್ಲು ಅನ್ನುವುದು ನನ್ನ ಅಭಿಪ್ರಾಯ. ಎರಡನೇ ದರ್ಜೆಯದ್ದಾದರೂ ಸರಿ, ಹೊಟ್ಟೆ ತುಂಬ.

ಪೊಟ್ಟಣದ ಟಿಮೊಥಿಯನ್ನು ಬೈಯುವ ಉದ್ದೇಶ ಇಲ್ಲ. ಆಕ್ಸ್‌ಬೋದಂಥ ಅಮೆರಿಕದ ಬ್ರಾಂಡಿನ ಚೀಲ ತೆರೆದರೆ ಬರುವ ವಾಸನೆ, ಎಲೆಯ ಮೆದು, ಆ ಹಸಿರು ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಟಿಮೊಥಿ ಚಳಿ ಸೀಮೆಯ ಹುಲ್ಲು, ನಮ್ಮ ಬಯಲುಸೀಮೆಯ ಬಿಸಿಲಿಗೆ ಏಳುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯ, ಕೆನಡಾ ಇಂಥ ಕಡೆ ಬೆಳೆದದ್ದನ್ನು ಯಂತ್ರದಲ್ಲಿ ಒತ್ತಿ ಒತ್ತಿ ಗಾತ್ರ ಇಳಿಸಿ ಹಡಗು ಹತ್ತಿಸುತ್ತಾರೆ. ಜಪಾನಿನ ಕುದುರೆ, ಹಸುಗಳಿಗೂ ಅದೇ ಹೋಗುತ್ತದೆ. ನಾವು ಕೊಡುವ ದುಡ್ಡಿನಲ್ಲಿ ಹುಲ್ಲಿನ ಪಾಲು ಸ್ವಲ್ಪ. ಹಡಗು, ಆಮದುದಾರ, ವಿತರಕ, ಪೊಟ್ಟಣ, ಅಂಗಡಿಯ ಏಸಿ ಇವರದೇ ಹೆಚ್ಚು.

ಆಮೇಲಿನದು ಆನ್‌ಲೈನಿನಲ್ಲಿ "ಪ್ರೀಮಿಯಂ" ಅಂತ ಮಾರುವ ಸ್ಥಳೀಯ ಹುಲ್ಲು. ಹೆಸರು ಹೇಳುವುದಿಲ್ಲ, ಒಬ್ಬರ ಹತ್ತಿರ ಎರಡು ಕೆಜಿಯ ಚೀಲ ತರಿಸಿದ್ದೆ. ಕೆಜಿಗೆ 220 ಬಿದ್ದಿತ್ತು. ಕಂದು ಬಣ್ಣ, ಕಡ್ಡಿಯೇ ಜಾಸ್ತಿ, ಚೀಲದ ತಳದಲ್ಲಿ ಎರಡು ಹಿಡಿ ಮಣ್ಣು. ವಾಪಸ್ ತಗೊಳ್ಳಿ ಅಂದರೆ "ನೈಸರ್ಗಿಕ ಉತ್ಪನ್ನದಲ್ಲಿ ಬಣ್ಣ ವ್ಯತ್ಯಾಸ ಸಹಜ" ಅಂತ ಉತ್ತರ ಬಂತು. ಮಣ್ಣೂ ನೈಸರ್ಗಿಕವೇ, ನಿಜ. ಅದರ ಮೇಲೆ ಬಿಲ್ಲಿನಲ್ಲಿ ತೆರಿಗೆ ಬೇರೆ ಹಾಕಿದ್ದರು. ಒಣ ಮೇವಿಗೆ ಜಿಎಸ್‌ಟಿ ಸೊನ್ನೆ. ಇದನ್ನು ನಾನು ಬರೆದು ಕಳಿಸಿದ ಮೇಲೆ ಅವರಿಂದ ಉತ್ತರವೇ ಇಲ್ಲ.

ನಮ್ಮಪ್ಪನಿಗೆ ಇದೆಲ್ಲ ಕೇಳಿ ಒಂದು ಕಡೆ ನಗು, ಒಂದು ಕಡೆ ಸಂಕಟ. ಅವರು ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ಈಗಲೂ ಗದ್ದೆ ಮಾಡುತ್ತಾರೆ. "ಅಲ್ ಕಣವ್ವ, ಹುಲ್ಲಿಗೂ ದುಡ್ ಕೊಟ್ಟೀಯಾ? ನಮ್ ಬಣವೇಲಿ ಬೇಕಾದಂಗೆ ಬಿದ್ದದೆ, ತಕ್ಕೊಂಡೋಗು."

"ಅದು ನೆಲ್ಲುಲ್ಲು ಅಲ್ವೇನಪ್ಪ, ಅದರಲ್ಲಿ ಸತ್ವ ಎಲ್ಲಿರ್ತದೆ?"

"ಸತ್ವ ಇಲ್ದೇನೇ ನಮ್ ದನ ಹಾಲ್ ಕರೀತವಾ?"

ದನದ ಮಾತೇ ಬೇರೆ. ಅದಕ್ಕೆ ಮೆಲುಕು ಹಾಕುವ ಹೊಟ್ಟೆಯಿದೆ, ಜೊತೆಗೆ ಹಿಂಡಿ ಬೂಸ, ಹಸಿ ಮೇವು ಬೀಳುತ್ತದೆ. ಭತ್ತದ ಹುಲ್ಲು ಅಂದರೆ ತೆನೆಗೆ ಎಲ್ಲವನ್ನೂ ಕೊಟ್ಟು ಮುಗಿಸಿದ ಗಿಡ. ಅದರಲ್ಲಿ ಉಳಿಯುವ ಪ್ರೋಟೀನು ನೂರಕ್ಕೆ ಮೂರು ನಾಲ್ಕು ಪಾಲು, ಮಿಕ್ಕದ್ದು ಗಡುಸು ನಾರು, ಸಿಲಿಕಾ. ಸಾಲದ್ದಕ್ಕೆ ಗದ್ದೆಗೆ ಹೊಡೆದ ಔಷಧಿ. ರಾಗಿ ಹುಲ್ಲು ಇದಕ್ಕಿಂತ ಮೆದು, ದನಕ್ಕೂ ಅದೇ ಇಷ್ಟ, ಆದರೂ ಮೊಲದ ದಿನದ ಊಟಕ್ಕೆ ಸಾಲದು. ನಮಗೆ ಬೇಕಾದದ್ದು ತೆನೆ ಕಾಳು ಕಟ್ಟುವ ಮುಂಚೆ, ಎಲೆಯಲ್ಲಿ ಸತ್ವ ಇರುವಾಗಲೇ ಕೊಯ್ದು ಎರಡು ಮೂರು ದಿನ ಬಿಸಿಲಿನಲ್ಲಿ ತಿರುವಿ ತಿರುವಿ ಒಣಗಿಸಿದ ಹುಲ್ಲು. ರೋಡ್ಸ್ ಹುಲ್ಲನ್ನು ಆ ಹದದಲ್ಲಿ ಕೊಯ್ದರೆ ಪ್ರೋಟೀನು ಎಂಟು ಹತ್ತು ಪಾಲು ಸಿಗುತ್ತದೆ. ಬೆಳೆದ ಮೊಲಕ್ಕೆ ಅಷ್ಟು ಬೇಕಾದಷ್ಟಾಯಿತು. ಅಪ್ಪನ ಹುಲ್ಲು ವ್ಯರ್ಥವಾಗಲಿಲ್ಲ ಅನ್ನಿ. ಊರಿಂದ ಬರುವಾಗ ಎರಡು ಕಟ್ಟು ತಂದು ಮೊಲದ ಉಚ್ಚೆ ತಟ್ಟೆಯ ಅಡಿಗೆ ಹಾಸುತ್ತೇನೆ. ಹುಲ್ಲು ಮಲಗಲಿಕ್ಕೆ ಒಂದು, ತಿನ್ನಲಿಕ್ಕೆ ಒಂದು ಅಂದಾಗ ಅಪ್ಪ ಮಾತೇ ಆಡಲಿಲ್ಲ.

ಈಗ ಮಂಡಿಗೆ ಬರೋಣ. ಮಾಲೀಕರು ತಮ್ಮ ಹೆಸರು, ನಂಬರು ಎಲ್ಲೂ ಹಾಕಬಾರದು ಅಂತ ಕೈ ಮುಗಿದಿದ್ದಾರೆ. "ಒಂದ್ ಕೆಜಿ ಇದ್ಯಾ, ಅರ್ಧ ಕೆಜಿ ಇದ್ಯಾ ಅಂತ ಫೋನ್ ಮೇಲೆ ಫೋನು ಮೇಡಂ. ಡೆಲಿವರಿ ಆ್ಯಪಲ್ಲಿ ಕಳಿಸ್ತೀರಾ ಅಂತಾರೆ. ನಾನು ಕುದುರೆಯವ್ರಿಗೆ ಟನ್ ಲೆಕ್ಕದಲ್ಲಿ ಹಾಕೋನು." ಅವರ ಮಾತಿಗೆ ಬೆಲೆ ಕೊಟ್ಟು ಹೆಸರು ಬಿಟ್ಟಿದ್ದೇನೆ. ಹುಡುಕುವ ದಾರಿ ಮಾತ್ರ ಹೇಳಬಲ್ಲೆ. ಯಲಹಂಕದ ಆಚೆ ಕುದುರೆ ಸವಾರಿ ಕಲಿಸುವ ಶಾಲೆಗಳಿವೆ, ಲಾಯಗಳಿವೆ. ಅಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಒಬ್ಬರನ್ನು ಹಿಡಿದು ಮೇವು ಎಲ್ಲಿಂದ ಬರುತ್ತದೆ ಅಂತ ಕೇಳಿ. ಆಫೀಸಿನಲ್ಲಿ ಕೇಳಿದರೆ ಕಾರ್ಡು ಕೊಡುತ್ತಾರೆ, ಸೈಸ್ ಆದರೆ ಯಾರ ಹುಲ್ಲನ್ನು ಕುದುರೆ ಮೂಸದೆ ಬಿಟ್ಟಿತು ಅನ್ನುವುದನ್ನೂ ಹೇಳುತ್ತಾರೆ. ಮೈಸೂರಿನವರಿಗೆ ರೇಸ್ ಕೋರ್ಸ್ ಇದೆ, ತುಮಕೂರು ಕಡೆಯವರು ಕುಣಿಗಲ್‌ನಲ್ಲಿ ವಿಚಾರಿಸಬಹುದು. ಹೈದರ್, ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು ಅದು, ಮೇವಿನ ಹದ ಬಲ್ಲವರು ಅಲ್ಲಿ ಇಲ್ಲದೆ ಇರುತ್ತಾರೆಯೇ.

ಹಸುವಿನ ಮೇವಿನ ಅಂಗಡಿ ಬೀದಿಗೊಂದಿರುವಾಗ ಕುದುರೆಯವರ ಹತ್ತಿರವೇ ಯಾಕೆ ಅಂತ ಕೇಳಬಹುದು. ಕುದುರೆಯೂ ಮೊಲವೂ ಹೊಟ್ಟೆಯ ವಿಷಯದಲ್ಲಿ ನೆಂಟರು. ಎರಡಕ್ಕೂ ಮೆಲುಕು ಇಲ್ಲ, ಎರಡರಲ್ಲೂ ಹುಲ್ಲು ಹುಳಿತು ಕರಗುವುದು ಕರುಳಿನ ಕೊನೆಯ ಭಾಗದಲ್ಲಿ, ಎರಡಕ್ಕೂ ವಾಂತಿ ಮಾಡಲಾಗುವುದಿಲ್ಲ. ಒಳಗೆ ಹೋದದ್ದು ಹೋದ ಹಾಗೆಯೇ. ಬೂಸಲು ಹಿಡಿದ ಹುಲ್ಲು ತಿಂದರೆ ಕುದುರೆಗೆ ಹೊಟ್ಟೆಶೂಲೆ ಬರುತ್ತದೆ, ಲಕ್ಷಗಟ್ಟಲೆ ಬೆಲೆಯ ಪ್ರಾಣಿ ಒಂದೇ ರಾತ್ರಿಯಲ್ಲಿ ನೆಲಕ್ಕೆ ಬೀಳಬಹುದು. ಹಾಗಾಗಿ ಕುದುರೆಯವರು ಹುಲ್ಲು ಬಿಚ್ಚಿ ನೋಡದೆ ಲಾರಿ ಇಳಿಸಿಕೊಳ್ಳುವುದಿಲ್ಲ. ಅವರ ಆ ಕಟ್ಟುನಿಟ್ಟಿನ ಲಾಭ ಪುಕ್ಕಟೆಯಾಗಿ ನಮ್ಮ ಮೊಲಗಳಿಗೆ ಸಿಗುತ್ತದೆ. ಹಸುವಿನ ಮೇವಿನ ಅಂಗಡಿಯಲ್ಲಿ ಮೂಲೆಯಲ್ಲಿ ಒಂದಿಷ್ಟು ನೆಂದು ಒಣಗಿದ್ದರೆ ಕೇಳುವವರಿಲ್ಲ.

ತಗಡಿನ ಶೆಡ್ಡು, ಒಳಗೆ ಮರದ ಪ್ಯಾಲೆಟ್ ಮೇಲೆ ಸೂರು ಮುಟ್ಟುವಷ್ಟು ಎತ್ತರಕ್ಕೆ ಜೋಡಿಸಿದ ಬೇಲುಗಳು. ರೋಡ್ಸ್, ಓಟ್ಸ್ ಹುಲ್ಲು, ಕುದುರೆ ಮೆಂತೆ, ಲಾಯಕ್ಕೆ ಹಾಸಲು ಭತ್ತದ ಹುಲ್ಲು, ಇಷ್ಟು ಇಟ್ಟಿರುತ್ತಾರೆ. ರೋಡ್ಸ್ ಆಫ್ರಿಕಾ ಮೂಲದ ಹುಲ್ಲು. ಸೆಸಿಲ್ ರೋಡ್ಸ್ ತನ್ನ ಜಮೀನಿನಲ್ಲಿ ಬೆಳೆಸಿದ್ದರಿಂದ ಆ ಹೆಸರು. ಬಿಸಿಲು ತಡೆಯುತ್ತದೆ, ಒಮ್ಮೆ ಬಿತ್ತಿದರೆ ಕೆಲವು ವರ್ಷ ಕೊಯ್ಯುತ್ತಲೇ ಇರಬಹುದು, ಕಾಂಡ ಸಣ್ಣ ಆದ್ದರಿಂದ ಬೇಗ ಒಣಗುತ್ತದೆ. ನೇಪಿಯರ್ ಹುಲ್ಲಿನ ದಪ್ಪ ದಂಟನ್ನು ಈ ಥರ ಒಣಗಿಸಲು ಹೋದರೆ ಹೊರಗೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ಇವರಿಗೆ ಮಾಲು ಬರುವುದು ಗೌರಿಬಿದನೂರು, ಮಧುಗಿರಿ ಕಡೆಯ ಬೋರ್‌ವೆಲ್ ಜಮೀನುಗಳಿಂದ. ನೀರಿದ್ದರೆ ತಿಂಗಳು ಒಂದೂವರೆ ತಿಂಗಳಿಗೊಂದು ಕೊಯ್ಲು. ಬಿತ್ತಿದ ಮೇಲಿನ ಮೊದಲ ಕೊಯ್ಲಿನಲ್ಲಿ ಕಳೆ ಜಾಸ್ತಿ, ಅದನ್ನು ನಮಗೆ ಕೊಡಬೇಡಿ ಅಂತ ನಾನೇ ಹೇಳಿಟ್ಟಿದ್ದೇನೆ.

ಕಳೆ ಅಂದರೆ ಇಲ್ಲಿ ಮುಖ್ಯವಾಗಿ ಕಾಂಗ್ರೆಸ್ ಗಿಡ. ಹೊರದೇಶದ ಚೀಲದಲ್ಲಿ ಈ ಪೀಡೆ ಇರುವುದಿಲ್ಲ, ನಮ್ಮ ನೆಲದ ಬೇಲಿನಲ್ಲಿ ಕಾಣಿಸಿಕೊಳ್ಳಬಹುದು. ಒಣಗಿದರೂ ಅದರ ಕವಲು ಕವಲಾದ ಕಡ್ಡಿ, ತುದಿಯ ಸಣ್ಣ ಗುಂಡು ಹೂವು ಗುರುತು ಸಿಗುತ್ತದೆ. ಮೊಲಕ್ಕೂ ಒಳ್ಳೆಯದಲ್ಲ, ಕೈಗೂ ತುರಿಕೆ. ಒಂದು ಬೇಲಿನಲ್ಲಿ ಒಂದೆರಡು ಕಡ್ಡಿ ಸಿಕ್ಕರೆ ಕಿತ್ತೆಸೆಯುತ್ತೇನೆ, ಅಲ್ಲಲ್ಲಿ ಸಿಗುತ್ತಾ ಹೋದರೆ ಆ ಬೇಲು ವಾಪಸ್. ಮಾಲೀಕರು ಇಲ್ಲಿಯವರೆಗೆ ಇದಕ್ಕೆ ತಕರಾರು ತೆಗೆದಿಲ್ಲ.

ಬೇಲು ನೋಡುವುದು ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ. ಹೊರಗಿನ ಬಣ್ಣ ನೋಡಿ ಮೋಸ ಹೋಗಬೇಡಿ, ಬೇಡವೆಂದು ಬಿಡಲೂ ಬೇಡಿ. ಬಿಸಿಲಿಗೆ ಸಿಕ್ಕ ಮೈ ಒಣಹುಲ್ಲಿನ ಹಳದಿಗೆ ತಿರುಗಿರುತ್ತದೆ, ಅದು ದೋಷವಲ್ಲ. ಒಂದು ಬೇಲಿನ ದಾರ ಬಿಚ್ಚಿಸಿ, ನಡುವಿಗೆ ಮೊಣಕೈವರೆಗೆ ಕೈ ತೂರಿಸಿ. ತಣ್ಣಗೆ, ಗರಿಗರಿಯಾಗಿ ಇರಬೇಕು. ಬೆಚ್ಚಗಿದ್ದರೆ ಅಲ್ಲಿಗೆ ಮುಗಿಯಿತು, ಒಳಗೆ ಹುದುಗುತ್ತಿದೆ ಅಂತ ಅರ್ಥ. ತೇವ ನೂರಕ್ಕೆ ಹದಿನೈದರೊಳಗೆ ಇರಬೇಕು, ಇಪ್ಪತ್ತು ದಾಟಿದ್ದನ್ನು ಬಿಗಿದು ಕಟ್ಟಿದರೆ ಬೂಸಲು ಖಚಿತ. ತೇವ ಅಳೆಯುವ ಯಂತ್ರ ನಮ್ಮ ಹತ್ತಿರ ಎಲ್ಲಿರುತ್ತದೆ? ರೈತರ ಉಪಾಯ ಒಂದಿದೆ. ಒಣಗಿದ ಉಪ್ಪಿನಕಾಯಿ ಬಾಟಲಿಯಲ್ಲಿ ಒಂದು ಹಿಡಿ ಹುಲ್ಲು, ಒಂದು ಚಮಚ ಪುಡಿ ಉಪ್ಪು ಹಾಕಿ ಮುಚ್ಚಿ ಒಂದೆರಡು ನಿಮಿಷ ಅಲ್ಲಾಡಿಸಿ. ಉಪ್ಪು ಬಿಡಿಬಿಡಿಯಾಗಿ ಉಳಿದರೆ ಹುಲ್ಲು ಒಣಗಿದೆ, ಗಂಟು ಕಟ್ಟಿದರೆ ಇಲ್ಲ. ನಾನು ಬಾಟಲಿ ಬ್ಯಾಗಿನಲ್ಲೇ ಇಟ್ಟುಕೊಂಡು ಹೋಗುತ್ತೇನೆ. ಮೊದಲ ಸಲ ಅಲ್ಲಾಡಿಸುವಾಗ ಇಡೀ ಶೆಡ್ಡು ಕೆಲಸ ಬಿಟ್ಟು ನೋಡುತ್ತಿತ್ತು.

ಆಮೇಲೆ ಮೂಗು. ಒಳ್ಳೆಯ ಹುಲ್ಲಿಗೆ ಬಿಸಿಲಿನ, ಸ್ವಲ್ಪ ಸಿಹಿಯಾದ ವಾಸನೆ. ಮುಗ್ಗಲು ವಾಸನೆ ಎಳ್ಳಷ್ಟು ಬಂದರೂ ಬೇಡ. ಒಂದು ಹಿಡಿ ಎತ್ತಿ ಬಿಸಿಲಿಗೆ ಹಿಡಿದು ಕೊಡವಿ. ಮಣ್ಣಿನ ಧೂಳಾದರೆ ಕೆಳಗೆ ಉದುರುತ್ತದೆ, ಬೂಸಲಿನದಾದರೆ ಬೂದು ಹೊಗೆಯ ಹಾಗೆ ಗಾಳಿಯಲ್ಲಿ ನಿಲ್ಲುತ್ತದೆ. ರೋಡ್ಸ್ ಹುಲ್ಲಿನ ತೆನೆ ಬೆರಳು ಬಿಡಿಸಿದಂತಿರುತ್ತದೆ. ತೆನೆಗಳು ಅಲ್ಲೊಂದು ಇಲ್ಲೊಂದು ಇದ್ದರೆ ಹದ ಸರಿಯಿದೆ, ಎಲ್ಲೆಲ್ಲೂ ಕಂದು ತೆನೆಯೇ ಕಂಡರೆ ಕೊಯ್ಯುವುದು ತಡವಾಗಿದೆ, ಕಡ್ಡಿಗೇ ಕಾಸು ಕೊಡುತ್ತೀರಿ. ಇನ್ನೊಂದು: ಬೇಲುಗಳ ತೂಕ 13 ಕೆಜಿಯಿಂದ 17 ಕೆಜಿವರೆಗೆ ಏರುಪೇರು ಇರುತ್ತದೆ, ಆದ್ದರಿಂದ ಪ್ರತಿಯೊಂದನ್ನೂ ತೂಗಿಸಿ. ಅದೇ ಗಾತ್ರದ ಬೇಲು ಒಂದು ಮಾತ್ರ ಹೆಚ್ಚು ತೂಗುತ್ತಿದ್ದರೆ ಖುಷಿ ಪಡಬೇಡಿ, ಬಹಳ ಸಲ ಆ ಹೆಚ್ಚುವರಿ ತೂಕ ನೀರಿನದು.

ಕಾಲದ ಮಾತೂ ಇದೆ. ಜನವರಿಯಿಂದ ಮಾರ್ಚಿನವರೆಗೆ ಬಿಸಿಲು ಚೆನ್ನಾಗಿರುತ್ತದೆ, ಹುಲ್ಲು ಹಸಿರು ಉಳಿದೇ ಒಣಗುತ್ತದೆ, ದರವೂ ತಡೆದಿರುತ್ತದೆ. ಏಪ್ರಿಲ್, ಮೇ ಬಂತೆಂದರೆ ಎಲ್ಲ ಕಡೆ ಮೇವಿನ ಬರ, ಕೆಜಿಗೆ ಹತ್ತು ಹದಿನೈದು ರೂಪಾಯಿ ಏರಿಸುತ್ತಾರೆ. ಮಳೆಗಾಲದಲ್ಲಿ ದರ ಎಷ್ಟೇ ಇರಲಿ ತೆಗೆದುಕೊಳ್ಳುವುದೇ ಬೇಡ. ಜುಲೈಯಲ್ಲಿ ಒಮ್ಮೆ ಫೋನು ಮಾಡಿದಾಗ ಈ ಮಾಲೀಕರೇ "ಈಗ ಬರಬೇಡಿ ಮೇಡಂ, ಇರೋದೆಲ್ಲ ಮೋಡದಲ್ಲಿ ಒಣಗಿದ್ದು, ನಿಮ್ಮ ಮೊಲಕ್ಕೆ ಆಗಲ್ಲ" ಎಂದರು. ಕೈಗೆ ಬಂದ ವ್ಯಾಪಾರ ಬಿಟ್ಟರು. ಅವತ್ತಿನಿಂದ ನಾನು ಬೇರೆ ಮಂಡಿ ವಿಚಾರಿಸುವುದನ್ನು ಬಿಟ್ಟೆ.

ಹತ್ತಿಸುವ ಹುಡುಗ ಯಾದಗಿರಿ ಕಡೆಯವನು. ಹತ್ತು ಬೇಲು ಆಟೋಗೆ ಏರಿಸಿ ಹಗ್ಗ ಬಿಗಿದ ಮೇಲೆ ತಡೆಯಲಾರದೆ ಕೇಳಿದ: "ಯಕ್ಕಾ, ಎಷ್ಟ್ ಮೊಲ ಅದಾವ ನಿಮ್ ಮನ್ಯಾಗ?" ಮೂರು ಅಂದೆ. ಅವನು ನಗಲಿಲ್ಲ. ಬೇಲುಗಳನ್ನೂ ನನ್ನನ್ನೂ ಒಮ್ಮೆ ನೋಡಿ "ದೊಡ್ಡೂ ಇರಬೇಕ್ ಬಿಡ್ರಿ" ಎಂದ.

ಮನೆಗೆ ತಂದ ಮೇಲಿನ ಕಥೆ ಪ್ಲಾಸ್ಟಿಕ್ಕಿನಿಂದ ಶುರು. ಬೇಲು ಕಟ್ಟಿರುವುದು ನೈಲಾನ್ ದಾರದಲ್ಲಿ, ಎರಡು ಸುತ್ತು. ಕತ್ತರಿಸಿದ ಕೂಡಲೇ ಎರಡೂ ದಾರ ಪೂರ್ತಿ ಕೈಗೆ ಬಂದವೇ ಅಂತ ನೋಡಿಯೇ ಮುಂದಿನ ಕೆಲಸ. ಒಂದು ತುಂಡು ಹುಲ್ಲಿನೊಳಗೆ ಉಳಿದು ಮೊಲ ನುಂಗಿದರೆ ಹೊರಗೆ ಕಕ್ಕಲಾರದು ಅಂದೆನಲ್ಲ. ಹುಲ್ಲು ಬೇಲಿನೊಳಗೆ ಪದರ ಪದರವಾಗಿರುತ್ತದೆ, ಪದರ ಎಬ್ಬಿಸಿ ಮಹಡಿಯ ಮೇಲೆ ಕೊಡವಿ ಗೋಣಿಚೀಲಕ್ಕೆ ಸಡಿಲವಾಗಿ ತುಂಬುತ್ತೇನೆ. ಪ್ಲಾಸ್ಟಿಕ್ ಚೀಲ, ಗಾಳಿ ಹೋಗದ ಡಬ್ಬ ಬೇಡ, ಒಳಗೆ ಬೆವರುತ್ತದೆ. ಒಡೆಯದ ಬೇಲುಗಳು ಮಹಡಿಯ ಹೆಡ್‌ರೂಮಿನಲ್ಲಿ, ಹಳೇ ಪ್ಯಾಲೆಟ್ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು. ಇದು ಅಪ್ಪ ಕಲಿಸಿದ್ದು. ಬಣವೆ ಒಟ್ಟುವಾಗ ಅವರು ಅಡಿಗೆ ಕಲ್ಲು ಜೋಡಿಸಿ ಅದರ ಮೇಲೆ ಕಟ್ಟಿಗೆ ಹಾಸುತ್ತಾರೆ, ನೆಲದ ತೇವ ಹುಲ್ಲಿಗೆ ಏರಬಾರದು. ಮೇಲೆ ಹಳೇ ಕಾಟನ್ ಸೀರೆ ಹೊದಿಸಿದರೆ ಧೂಳು, ಬಿಸಿಲು ತಡೆಯುತ್ತದೆ. ಇಲಿಗೆ ಮಾತ್ರ ನುಸಿಗುಳಿಗೆ ಇಡಬೇಡಿ, ಆ ವಾಸನೆ ಹಿಡಿದ ಹುಲ್ಲನ್ನು ಮೊಲ ಮುಟ್ಟಬಾರದು. ಬಾಗಿಲ ಸಂದಿಗೆ ತಂತಿ ಬಲೆ ಹೊಡೆಸಿದರೆ ಸಾಕು.

ಓನರ್ ಆಂಟಿ ಮೊದಲ ಲೋಡ್ ನೋಡಿ ಹೌಹಾರಿದರು. "ಬೆಂಕಿ ಗಿಂಕಿ ಹತ್ಕೊಂಡ್ರೆ ಏನ್ರೀ ಗತಿ?" ಅವರ ಭಯ ಸುಳ್ಳೇನಲ್ಲ. ಹಸಿ ಹುಲ್ಲನ್ನು ಬಿಗಿದು ಒಟ್ಟಿದರೆ ತಾನೇ ಕಾದು ಹೊತ್ತಿಕೊಂಡ ಉದಾಹರಣೆಗಳಿವೆ. ಒಣಗಿದ ಹುಲ್ಲಿಗೆ ಆ ಅಪಾಯ ಇಲ್ಲದಿದ್ದರೂ ಕಿಡಿಯ ಭಯ ಇದ್ದೇ ಇದೆ. ಆ ರೂಮಿನ ಹಳೇ ಸ್ವಿಚ್ ಬೋರ್ಡಿನ ಕನೆಕ್ಷನ್ ತೆಗೆಸಿದೆ, ದೀಪಾವಳಿಗೆ ಮುಂಚೆ ಹುಲ್ಲು ಕಡಿಮೆ ಇರುವ ಹಾಗೆ ಲೆಕ್ಕ ಹಾಕಿ ತರುತ್ತೇನೆ. ಆಂಟಿಗೆ ಸಮಾಧಾನವಾಯಿತು. ಈಗ ಅವರ ದಾಸವಾಳದ ಕುಂಡಗಳಿಗೆಲ್ಲ ನಮ್ಮ ಮೊಲದ ಹಿಕ್ಕೆಯೇ ಗೊಬ್ಬರ, ಅದಕ್ಕೂ ಸಮಾಧಾನಕ್ಕೂ ಸಂಬಂಧ ಇರಬಹುದು.

ಕೊನೆಗೂ ತಿನ್ನುವವರ ಅಭಿಪ್ರಾಯ. ದೊಡ್ಡಪ್ಪನಿಗೆ ಆಯ್ಕೆ ಎನ್ನುವುದಿಲ್ಲ, ಬೇಲು ಬಿಚ್ಚುವ ಮುಂಚೆ ಮೇಲೆ ಹತ್ತಿ ಕೂರುತ್ತದೆ. ಕಡ್ಲೆ ಎಲೆಯನ್ನೆಲ್ಲ ಆರಿಸಿ ತಿಂದು ಕಡ್ಡಿಯನ್ನು ಸಂಜೆಗೆ ಇಡುತ್ತದೆ. ತಕರಾರು ಗಸಗಸೆಯದು. ಟಿಮೊಥಿಯ ರುಚಿ ಕಂಡದ್ದರಿಂದ ರೋಡ್ಸ್ ಹಾಕಿದರೆ ಕಾಲಲ್ಲಿ ಒದ್ದು ಬರುತ್ತಿತ್ತು. ಎರಡನ್ನೂ ಬೆರೆಸಿ, ಟಿಮೊಥಿಯನ್ನು ದಿನಾ ಒಂದೊಂದು ಹಿಡಿ ಕಡಿಮೆ ಮಾಡುತ್ತಾ ಎರಡು ವಾರದ ಹೊತ್ತಿಗೆ ದಾರಿಗೆ ತಂದೆ. ಹೊಸ ಹುಲ್ಲಿಗೆ ಹೀಗೆ ನಿಧಾನವಾಗಿಯೇ ಹೊರಳಿಸಬೇಕು, ಹೊಟ್ಟೆಗೂ ಅದೇ ಕ್ಷೇಮ. ನಿಜ ಹೇಳಬೇಕೆಂದರೆ ರೋಡ್ಸ್ ಸ್ವಲ್ಪ ಒರಟು. ಟಿಮೊಥಿಯ ಎಲೆಯ ಮೆದು ಇದರಲ್ಲಿ ಇಲ್ಲ, ಘಮವೂ ಕಮ್ಮಿ. ಆದರೆ ಹಿಕ್ಕೆ ನೋಡಿದರೆ ಗೊತ್ತಾಗುತ್ತದೆ: ದೊಡ್ಡ, ದುಂಡನೆಯ, ತಿಳಿ ಕಂದು ಬಣ್ಣದ, ಬೆರಳಲ್ಲಿ ಒತ್ತಿದರೆ ಹುಲ್ಲಿನ ಪುಡಿಯಾಗುವ ಹಿಕ್ಕೆ. ಸಣ್ಣ, ಕಪ್ಪು, ಗಟ್ಟಿ ಹಿಕ್ಕೆ ಬಿದ್ದರೆ ಹುಲ್ಲು ಸಾಲುತ್ತಿಲ್ಲ ಅಂತ. ನಮ್ಮ ಡಾಕ್ಟರು ಮೂರರ ದವಡೆ ಹಲ್ಲೂ ನೋಡಿ ಈಗಿನದನ್ನೇ ಮುಂದುವರಿಸಿ ಎಂದಿದ್ದಾರೆ. ಪೆಲೆಟ್ಟು ಈಗ ದಿನಕ್ಕೆ ಒಂದೊಂದಕ್ಕೆ ಒಂದು ಚಮಚ, ಅದೂ ಕರೆದರೆ ಬರಲಿ ಅಂತ.

ಮಂಡಿಯಲ್ಲಿ ಕುದುರೆ ಮೆಂತೆಯೂ ಇದೆ ಅಂದೆ. ಕಡು ಹಸಿರು, ಎಲೆ ತುಂಬಿದ, ನೋಡಿದರೆ ನಮಗೇ ತಿನ್ನೋಣ ಅನ್ನಿಸುವಂಥದ್ದು. ಪೆಟ್ ಶಾಪಿನಲ್ಲಿ ಆಲ್ಫಾಲ್ಫಾ ಅಂತ ಹೆಚ್ಚು ಬೆಲೆಗೆ ಮಾರುವುದೂ ಇದನ್ನೇ. ಆರು ತಿಂಗಳೊಳಗಿನ ಮರಿಗೆ, ಗಬ್ಬದ ಮತ್ತು ಹಾಲೂಡಿಸುವ ತಾಯಿಗೆ ಒಳ್ಳೆಯದು. ಬೆಳೆದ ಮೊಲಕ್ಕೆ ದಿನಾ ಹಾಕಿದರೆ ಕಷ್ಟ. ಮೊಲದ ಮೈ ತಿಂದಷ್ಟೂ ಕ್ಯಾಲ್ಸಿಯಂ ಹೀರಿಕೊಂಡು ಹೆಚ್ಚಾದದ್ದನ್ನು ಉಚ್ಚೆಯಲ್ಲಿ ಬಿಡುತ್ತದೆ, ಉಚ್ಚೆಯೇ ಸುಣ್ಣದ ತಿಳಿಯ ಹಾಗಾಗಿ ಮುಂದೆ ಕಲ್ಲು ಕಟ್ಟುವ ಭಯ. ಓಟ್ಸ್ ಹುಲ್ಲು ಪರವಾಗಿಲ್ಲ, ರೋಡ್ಸ್ ಜೊತೆ ಬೆರೆಸಿದರೆ ಗಸಗಸೆಯಂಥವು ಖುಷಿ ಪಡುತ್ತವೆ, ಕೆಜಿಗೆ 15 ರೂಪಾಯಿ ಜಾಸ್ತಿ.

ಎಲ್ಲರೂ ಬೇಲು ತರಿಸಬೇಕು ಅನ್ನುವುದಿಲ್ಲ. ಹಲ್ಲಿನ ತೊಂದರೆಯಿರುವ ಮುದಿ ಮೊಲಕ್ಕೆ ಮೆದು ಟಿಮೊಥಿಯೇ ಸರಿ, ಒಂದೇ ಮೊಲವಾದರೆ ಆ ಖರ್ಚು ತಡೆಯಲೂಬಹುದು. ಮನೆಯಲ್ಲಿ ಉಬ್ಬಸ, ಧೂಳಿನ ಅಲರ್ಜಿ ಇರುವವರಿದ್ದರೆ ಎರಡು ಸಲ ಯೋಚಿಸಿ. ನಮ್ಮೆಜಮಾನರು ಬೇಲು ಬಿಚ್ಚುವ ದಿನ ಮಾಸ್ಕ್ ಹಾಕಿದರೂ ಸೀನುತ್ತಾರೆ, ಈಗ ಆ ದಿನ ಅವರಿಗೆ ಆಫೀಸಿನಲ್ಲಿ ತುಂಬಾ ಕೆಲಸ ಇರುತ್ತದೆ. ಒಂದು ಮೊಲ, ಒಣ ಜಾಗ ಇಷ್ಟಿದ್ದರೆ ಒಂದು ಬೇಲು ಮೂರೂವರೆ ತಿಂಗಳು ಬರುತ್ತದೆ, ಆದರೆ ಒಂದೇ ಬೇಲಿಗೆ ಆಟೋ ಮಾಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಅಕ್ಕಪಕ್ಕ ಇನ್ನಿಬ್ಬರನ್ನು ಹುಡುಕಿಕೊಳ್ಳಿ.

ಅಂಕ ಕೊಡಬೇಕೆಂದರೆ ಹುಲ್ಲಿಗೆ ಐದಕ್ಕೆ ನಾಲ್ಕೂವರೆ, ಒರಟಿಗೆ ಅರ್ಧ ಕಳೆದಿದ್ದೇನೆ. ಮಂಡಿಗೆ ನಾಲ್ಕು. ತೂಕ ಸರಿ, ಮಾತು ಸರಿ, ಯುಪಿಐ ತಗೊಳ್ಳುತ್ತಾರೆ. ಆದರೆ ಬಿಲ್ಲು ಕೊಡಿ ಅಂದರೆ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂದೆ "10 ಬೇಲು, 6750, ಪಾವತಿ" ಅಂತ ಪೆನ್ಸಿಲಿನಲ್ಲಿ ಗೀಚಿ ಕೊಟ್ಟರು. ತಾರೀಖು ಹಾಕಿ ಅಂದೆ. ಹಾಳೆ ತಿರುಗಿಸಿ ಮುಂಭಾಗದ ಅಂಕಿಗಳಲ್ಲಿ ಒಂದಕ್ಕೆ ಸೊನ್ನೆ ಸುತ್ತಿದರು. ಅದು ಹಿಂದಿನ ವರ್ಷದ ಕ್ಯಾಲೆಂಡರು.